ಎರಡನೇ ಫಿಲ್ಮ್ ಕ್ಯಾಮೆರಾ ಬೇಕಾ? ದುಡ್ಡು ಕೊಡುವ ಮುಂಚೆ ಮಾಡಬೇಕಾದ ಕೆಲಸಗಳು, ಕ್ರಮವಾಗಿ

ಫಿಲ್ಮ್‌ನಲ್ಲಿ ಫೋಟೋ ತೆಗೆಯುವ ಗೆಳೆಯರು ನನಗೆ ಪದೇ ಪದೇ ಕೇಳುವುದು ಒಂದೇ ಪ್ರಶ್ನೆ. "ಇರೋ ಕ್ಯಾಮೆರಾ ಯಾವತ್ತಾದ್ರೂ ಕೈಕೊಟ್ರೆ? ಇನ್ನೊಂದು ತಗೊಂಡು ಇಟ್ಕೊಳ್ಳೋದು ಒಳ್ಳೇದಲ್ವಾ?" ಹೆಚ್ಚಿನವರು ಉತ್ತರಕ್ಕೂ ಕಾಯದೆ ಇನ್ನೊಂದನ್ನು ಕೊಂಡುಬಿಡುತ್ತಾರೆ. ಆರು ತಿಂಗಳಾದ ಮೇಲೆ ಅವರ ಬೀರುವಿನಲ್ಲಿ ಎರಡು ಕ್ಯಾಮೆರಾ ಇರುತ್ತವೆ. ಎರಡರ ಮೇಲೂ ನಂಬಿಕೆ ಇರುವುದಿಲ್ಲ.

ಎಡವುತ್ತಿರುವುದು ಕೆಲಸದ ಕ್ರಮದಲ್ಲಿ. ಮೊದಲು ಕೊಳ್ಳುತ್ತಾರೆ, ಆಮೇಲೆ ಪರೀಕ್ಷೆ ಮಾಡುತ್ತಾರೆ. ಮೊದಲಿನ ಕ್ಯಾಮೆರಾದ ಆರೋಗ್ಯವನ್ನಂತೂ ಕೊನೆಗೆ ನೋಡುತ್ತಾರೆ. ಇದನ್ನು ಪೂರ್ತಿ ತಿರುವಿ ಹಾಕಬೇಕು. ಇಲ್ಲಿ ಹೇಳಿರುವುದು 35 ಎಂಎಂ ಎಸ್ಎಲ್ಆರ್ ಕ್ಯಾಮೆರಾಗಳ ಬಗ್ಗೆ, ಅಂದರೆ ಒಳಗಿನ ಕನ್ನಡಿಯ ಮೂಲಕ ಲೆನ್ಸ್ ಕಂಡದ್ದನ್ನೇ ನಮಗೆ ತೋರಿಸುವ ಕ್ಯಾಮೆರಾಗಳು. 4ನೇ ಹಂತ ಮುಗಿಯುವವರೆಗೆ ಯಾವ ಮಾರಾಟಗಾರರಿಗೂ ಫೋನ್ ಮಾಡಬೇಡಿ.

ಮೊದಲು ಇವನ್ನು ಜೋಡಿಸಿಕೊಳ್ಳಿ

ಸ್ಲೋ ಮೋಷನ್ ವಿಡಿಯೋ ತೆಗೆಯುವ ಫೋನ್, ಒಂದು ಟಾರ್ಚ್, ನಿಮ್ಮ ಕ್ಯಾಮೆರಾಕ್ಕೆ ಹೊಂದುವ ಹೊಸ ಸೆಲ್ ಎರಡು ಜೊತೆ, ಹಲ್ಲುಕಡ್ಡಿ, ಇಯರ್‌ಬಡ್, ಐಸೊಪ್ರೊಪೈಲ್ ಆಲ್ಕೋಹಾಲ್, ಗಾಳಿ ಊದುವ ರಬ್ಬರ್ ಬ್ಲೋವರ್, ಒಂದು ನೋಟ್‌ಬುಕ್. ಜೊತೆಗೆ ಕೆಟ್ಟುಹೋದ ಅಥವಾ ಅವಧಿ ಮುಗಿದ ಒಂದು ರೀಲು. ಅದು ಸಿಗದಿದ್ದರೆ ಸ್ಟುಡಿಯೋದವರನ್ನು ಕೇಳಿ ನೋಡಿ. ಕೊನೆಯ ಪರೀಕ್ಷೆಗೆ ಎರಡು ಹೊಸ ರೀಲು ಬೇಕು. ಅದರ ಖರ್ಚನ್ನು ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹಂತ 1: ನಿಮ್ಮ ಭಯ ಯಾವುದು ಅಂತ ಬರೆಯಿರಿ

ನೋಟ್‌ಬುಕ್ ತೆಗೆದು ಒಂದೇ ಸಾಲು ಬರೆಯಿರಿ: "ನನಗೆ ಎರಡನೇ ಬಾಡಿ ಬೇಕು, ಯಾಕೆಂದರೆ..." (ಬಾಡಿ ಎಂದರೆ ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ.) ಈ ಸಾಲನ್ನು ಮುಗಿಸುವುದು ಅಂದುಕೊಂಡಷ್ಟು ಸುಲಭವಲ್ಲ.

ಕೆಲವರು "ಒಂದರಲ್ಲಿ ಕಲರ್, ಇನ್ನೊಂದರಲ್ಲಿ ಬ್ಲ್ಯಾಕ್ ಅಂಡ್ ವೈಟ್ ಹಾಕಬಹುದು" ಎಂದು ಬರೆಯುತ್ತಾರೆ. ಒಳ್ಳೆಯ ಕಾರಣವೇ. ಆದರೆ ಅದು ಬ್ಯಾಕಪ್ ಅಲ್ಲ. ಎರಡೂ ದಿನವಿಡೀ ಕೆಲಸದಲ್ಲಿರುತ್ತವೆ, ಒಂದು ಕೆಟ್ಟರೆ ಆ ದಿನದ ಅರ್ಧ ಕೆಲಸ ನಿಂತೇ ಹೋಗುತ್ತದೆ. ಇನ್ನು ಕೆಲವರ ಸಾಲಿನಲ್ಲಿ ನಿಜವಾಗಿ ಇರುವುದು ಹೊಸ ಕ್ಯಾಮೆರಾದ ಆಸೆ. ಆಸೆಪಟ್ಟು ಕೊಳ್ಳುವುದು ತಪ್ಪಲ್ಲ. ಹಾಗಿದ್ದರೆ ಅದನ್ನೇ ಬರೆಯಿರಿ. ಆಗ ಆಯ್ಕೆಯೂ ಬೇರೆ, ಬಜೆಟ್ಟೂ ಬೇರೆ.

"ಇದು ನಡುವೆ ನಿಂತರೆ ಆ ದಿನ ಮತ್ತೆ ಸಿಗುವುದಿಲ್ಲ" ಎಂದು ಬರೆದವರು ಮುಂದಕ್ಕೆ ಬನ್ನಿ.

ಹಂತ 2: ಕಳೆದ ಹತ್ತು ರೀಲುಗಳ ನೆಗೆಟಿವ್ ಹರಡಿ ನೋಡಿ

ನೀವು ನಿಜಕ್ಕೂ ಕಳೆದುಕೊಂಡ ಚಿತ್ರಗಳು ಯಾವುವು, ಯಾಕೆ ಹೋದವು? ಸ್ಕ್ಯಾನ್ ಸಾಲದು, ನೆಗೆಟಿವ್ ಬೇಕು. ರೀಲು ತೊಳೆಸಿದ ಮೇಲೆ ನೆಗೆಟಿವ್ ವಾಪಸ್ ಪಡೆಯದವರು ಇವತ್ತಿನಿಂದ ಪಡೆಯಲು ಶುರುಮಾಡಿ.

ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಕಂಪನಿಯ ಹೆಸರು, ಫ್ರೇಮ್ ನಂಬರ್ ಇರುತ್ತದೆ. ಅವು ಸ್ಪಷ್ಟವಾಗಿದ್ದು ನಡುವೆ ಏನೂ ಇಲ್ಲದೆ ಬರೀ ಪಾರದರ್ಶಕವಾಗಿದ್ದರೆ, ತೊಳೆದವರ ತಪ್ಪಿಲ್ಲ. ಫಿಲ್ಮ್ ಮೇಲೆ ಬೆಳಕೇ ಬಿದ್ದಿಲ್ಲ. ಅಂಚಿನ ಬರಹವೂ ಇಲ್ಲದಿದ್ದರೆ ತೊಳೆಯುವಾಗಲೇ ಏನೋ ಆಗಿದೆ. ಪೂರ್ತಿ ಕಪ್ಪಾಗಿದ್ದರೆ ರೀಲಿಗೆ ಹೊರಗಿನ ಬೆಳಕು ತಾಗಿದೆ. ಫ್ರೇಮ್‌ಗಳು ಒಂದರ ಮೇಲೊಂದು ಏರಿದ್ದರೆ ಅಥವಾ ನಡುವಿನ ಜಾಗ ಒಮ್ಮೆ ಅಗಲ ಒಮ್ಮೆ ಕಿರಿದು ಇದ್ದರೆ, ಫಿಲ್ಮ್ ಮುಂದೆ ಸರಿಸುವ ಹಲ್ಲುಗಳಲ್ಲಿ ತೊಂದರೆ ಇರಬಹುದು. ಒಂದೇ ಜಾಗದಲ್ಲಿ, ಒಂದೇ ಆಕಾರದಲ್ಲಿ ಪದೇ ಪದೇ ಗೆರೆಯೋ ಮಬ್ಬೋ ಬರುತ್ತಿದ್ದರೆ ಬೆಳಕು ಸೋರುತ್ತಿದೆ.

ಒಂದೊಂದು ನಷ್ಟದ ಮುಂದೆಯೂ ಕಾರಣ ಬರೆಯಿರಿ. ನಂತರ ಇನ್ನೊಂದು ಪ್ರಶ್ನೆ: ಆ ದಿನ ಕೈಯಲ್ಲಿ ಎರಡನೇ ಬಾಡಿ ಇದ್ದಿದ್ದರೆ ಈ ಚಿತ್ರ ಉಳಿಯುತ್ತಿತ್ತಾ?

ನನಗೆ ಈ ಪ್ರಶ್ನೆ ಹುಟ್ಟಿದ್ದು ಮೈಸೂರಿನಲ್ಲಿ, ಜಂಬೂ ಸವಾರಿಯ ದಿನ. ಕೊರಳಲ್ಲಿ ಎರಡು ಕ್ಯಾಮೆರಾ ಇದ್ದವು. ಮೊದಲನೆಯದರಲ್ಲಿ ಇದ್ದದ್ದು 36 ಚಿತ್ರದ ರೀಲು. ಕೌಂಟರ್ 36 ದಾಟಿತು, 37 ಆಯಿತು, 38 ಆಯಿತು, ಫಿಲ್ಮ್ ಮುಂದೆ ಎಳೆಯುವ ಲಿವರ್ ಇನ್ನೂ ಹಗುರವಾಗಿ ಬರುತ್ತಲೇ ಇತ್ತು. 40ಕ್ಕೆ ಬಂದಾಗ ಎದೆ ಧಸಕ್ಕೆಂದಿತು. ರೀಲಿನ ತುದಿ, ಫಿಲ್ಮ್ ಸುತ್ತಿಕೊಳ್ಳುವ ಸ್ಪೂಲಿಗೆ ಸಿಕ್ಕಿಕೊಂಡೇ ಇರಲಿಲ್ಲ. ಅಂಬಾರಿ ಹೊತ್ತ ಆನೆ ಆಗಲೇ ಮುಂದೆ ಹೋಗಿತ್ತು. ಕ್ಯಾಮೆರಾ ಕೆಟ್ಟಿದೆ ಅಂತ ನನಗೆ ಅನಿಸಲೇ ಇಲ್ಲವಲ್ಲ, ಹಾಗಾಗಿ ಎರಡನೆಯದನ್ನು ಕೈಗೆತ್ತಿಕೊಳ್ಳುವ ಕಾರಣವೂ ಇರಲಿಲ್ಲ.

ಇದಕ್ಕೆ ಔಷಧಿ ಎರಡು ಸೆಕೆಂಡಿನ ಕೆಲಸ. ರೀಲು ಹಾಕಿ ಬಾಗಿಲು ಮುಚ್ಚಿದ ಮೇಲೆ, ಎಡಗಡೆಯ ರಿವೈಂಡ್ ಗುಂಡಿಯನ್ನು ಬಾಣ ತೋರಿಸುವ ಕಡೆಗೆ ನಿಧಾನವಾಗಿ ತಿರುಗಿಸಿ. ಸ್ವಲ್ಪ ತಿರುಗಿ ಬಿಗಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಈಗ ಲಿವರ್ ಎಳೆಯಿರಿ. ಗುಂಡಿ ತಾನಾಗಿ ತಿರುಗಿದರೆ ಫಿಲ್ಮ್ ಓಡುತ್ತಿದೆ. ತಿರುಗದಿದ್ದರೆ ಬಾಗಿಲು ತೆಗೆದು ಮತ್ತೆ ಹಾಕಿ.

ಹತ್ತು ರೀಲಿನಲ್ಲಿ ಬಾಡಿಯ ದೋಷದಿಂದ ಹೋದದ್ದು ಒಂದೂ ಇಲ್ಲದಿದ್ದರೆ, ಎರಡನೇ ಬಾಡಿಯ ಯೋಚನೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಹಂತ 3: ಇರುವ ಕ್ಯಾಮೆರಾದ ಆರೋಗ್ಯ ನೋಡಿ

ಇದು ಎಲ್ಲಕ್ಕಿಂತ ಉದ್ದದ ಹಂತ. ಒಂದು ಭಾನುವಾರದ ಬೆಳಗ್ಗೆ ಇಟ್ಟುಕೊಳ್ಳಿ. ಒಳಗೆ ರೀಲು ಇಲ್ಲ ಅಂತ ಖಚಿತ ಮಾಡಿಕೊಂಡೇ ಬಾಗಿಲು ತೆಗೆಯಿರಿ.

ಷಟರ್ ಎಂದರೆ ಫಿಲ್ಮ್ ಮುಂದೆ ತೆರೆದು ಮುಚ್ಚುವ ಪರದೆಗಳು. ಅದರ ನಿಧಾನ ವೇಗಗಳು ಮೊದಲು. ಲೆನ್ಸ್ ಬಿಚ್ಚಿ, ಹಿಂಬಾಗಿಲು ತೆಗೆದು, ಕ್ಯಾಮೆರಾವನ್ನು ಬೆಳಕಿರುವ ಕಿಟಕಿಯ ಕಡೆ ಮುಖ ಮಾಡಿಸಿ. ಹಿಂದಿನಿಂದ ಫೋನ್‌ನಲ್ಲಿ ಸ್ಲೋ ಮೋಷನ್ ತೆಗೆಯಿರಿ. ಸೆಕೆಂಡಿಗೆ 240 ಫ್ರೇಮ್ ತೆಗೆದು 30ರಲ್ಲಿ ತೋರಿಸುವ ಫೋನ್ ಆದರೆ ಎಲ್ಲವೂ 8 ಪಟ್ಟು ನಿಧಾನ. ಆಗ 1 ಸೆಕೆಂಡಿನ ಷಟರ್ ವಿಡಿಯೋದಲ್ಲಿ 8 ಸೆಕೆಂಡ್ ತೆರೆದಿರಬೇಕು. 1/2ಕ್ಕೆ 4, 1/4ಕ್ಕೆ 2, 1/8ಕ್ಕೆ 1. ಹಳೆಯ ಕ್ಯಾಮೆರಾಗಳಲ್ಲಿ ಗ್ರೀಸ್ ಒಣಗಿ ಅಂಟಾದಾಗ ಮೊದಲು ಹಾಳಾಗುವುದು ಈ ವೇಗಗಳೇ. 1 ಸೆಕೆಂಡ್ ಎಳೆದಾಡಿ ಒಂದೂವರೆ ಆಗುತ್ತಿದ್ದರೆ, ಅಥವಾ ಪರದೆ ಅರ್ಧಕ್ಕೆ ನಿಂತರೆ, ಸರ್ವಿಸ್‌ಗೆ ಕೊಡುವ ಹೊತ್ತು ಬಂದಿದೆ.

ನಂತರ ಜೋರು ವೇಗಗಳು. 1/1000ಕ್ಕೆ ಫೋನ್ ಬೇಡ, ಕಣ್ಣೇ ಸಾಕು. ಬಿಳಿ ಗೋಡೆಯ ಕಡೆ ಹಿಡಿದು ಹಿಂದಿನಿಂದ ನೋಡುತ್ತಾ ಹತ್ತು ಸಲ ಒತ್ತಿ. ಪ್ರತಿಸಲವೂ ಪೂರ್ತಿ ಚೌಕ ಮಿಂಚಬೇಕು. ಒಂದು ಪಕ್ಕ ಕಪ್ಪಾಗಿ ಕಂಡರೆ ಎರಡನೇ ಪರದೆ ಮೊದಲನೆಯದನ್ನು ಬೆನ್ನಟ್ಟಿ ಹಿಡಿಯುತ್ತಿದೆ ಎಂದರ್ಥ. ಸರ್ವಿಸ್ ಆಗುವವರೆಗೆ 1/250ಕ್ಕಿಂತ ಮೇಲೆ ಹೋಗಬೇಡಿ. ಪರದೆಗೆ ಬೆರಳು ತಾಗಿಸಲೇಬೇಡಿ.

ಬಟ್ಟೆಯ ಪರದೆ ಇರುವ ಕ್ಯಾಮೆರಾ ಆದರೆ ಕತ್ತಲೆ ಕೋಣೆಯಲ್ಲಿ ಮುಂದಿನಿಂದ ಟಾರ್ಚ್ ಬಿಟ್ಟು ಸೂಜಿಮೊನೆಯಷ್ಟು ರಂಧ್ರ ಇದೆಯೇ ನೋಡಿ. ಕನ್ನಡಿ ಅಡ್ಡ ಬಂದರೆ ಟಾರ್ಚನ್ನು ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಿ.

ಈಗ ಫೋಮ್. ಹಿಂಬಾಗಿಲಿನ ಅಂಚಿನ ಕಾಲುವೆಗಳಲ್ಲಿ, ಕೀಲಿನ ಪಕ್ಕದಲ್ಲಿ ಕಪ್ಪು ಫೋಮ್ ಪಟ್ಟಿ ಇರುತ್ತದೆ. ಹಲ್ಲುಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ಚೆನ್ನಾಗಿದ್ದರೆ ಸ್ಪಂಜಿನಂತೆ ಒತ್ತಿಕೊಂಡು ವಾಪಸ್ ಬರುತ್ತದೆ. ಕೆಟ್ಟಿದ್ದರೆ ಬಿಸಿಲಿಗೆ ಕರಗಿದ ಡಾಂಬರಿನ ಹಾಗೆ ಕಡ್ಡಿಗೆ ಅಂಟಿ ಕಪ್ಪು ನೂಲಿನಂತೆ ಎಳೆಯುತ್ತದೆ, ಇಲ್ಲವೇ ಒಣಗಿ ಪುಡಿ ಉದುರುತ್ತದೆ. ಕನ್ನಡಿ ಮೇಲೆದ್ದು ತಾಗುವ ಜಾಗದಲ್ಲೂ ಒಂದು ತುಂಡು ಇದೆ. ಅದನ್ನೂ ನೋಡಿ. ಇದನ್ನು ಮನೆಯಲ್ಲೇ ಬದಲಾಯಿಸಬಹುದು. ಕಡ್ಡಿಯಿಂದ ಕೆರೆದು, ಆಲ್ಕೋಹಾಲ್ ತಾಗಿಸಿದ ಇಯರ್‌ಬಡ್‌ನಿಂದ ಒರೆಸಿ, ಹೊಸ ಪಟ್ಟಿ ಅಂಟಿಸಿ. ಎಲ್ಲರೂ ಮಾಡುವ ತಪ್ಪು ಏನೆಂದರೆ ಕ್ಯಾಮೆರಾವನ್ನು ಮಲಗಿಸಿಕೊಂಡು ಕೆರೆಯುವುದು. ಪುಡಿ ಸೀದಾ ಷಟರ್ ಮೇಲೆ ಬೀಳುತ್ತದೆ. ತೆರೆದ ಬದಿಯನ್ನು ನೆಲದ ಕಡೆ ಬಾಗಿಸಿ ಹಿಡಿಯಿರಿ. ಇನ್ನೊಂದು ತಪ್ಪು, ಕನ್ನಡಿಯನ್ನು ಒರೆಸುವುದು. ಅದರ ಲೇಪ ಮೇಲ್ಗಡೆಯೇ ಇರುತ್ತದೆ, ಒರೆಸಿದರೆ ಗೀರು ಖಾಯಂ.

ಬೆಳಕು ಅಳೆಯುವ ಮೀಟರ್ ಕೊನೆಗೆ. ಹೊಸ ಸೆಲ್ ಹಾಕಿ, ಮೋಡವಿಲ್ಲದ ಮಧ್ಯಾಹ್ನ ಬಿಸಿಲಿನಲ್ಲಿರುವ ವಸ್ತುವಿಗೆ ಹಿಡಿಯಿರಿ. ಐಎಸ್ಒ (ಫಿಲ್ಮ್ ಬೆಳಕಿಗೆ ಎಷ್ಟು ಸೂಕ್ಷ್ಮ ಎನ್ನುವ ಸಂಖ್ಯೆ) 200ಕ್ಕೆ ಎಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಎಫ್/16 ಇಟ್ಟಾಗ ಷಟರ್ ವೇಗ 1/250ರ ಹತ್ತಿರ ತೋರಿಸಬೇಕು. ಫೋನ್‌ನ ಮೀಟರ್ ಆ್ಯಪ್ ಜೊತೆಗೂ ಹೋಲಿಸಿ, ಬೆಳಕಿನಲ್ಲೂ ನೆರಳಿನಲ್ಲೂ. ಯಾವಾಗಲೂ ಒಂದೇ ಒಂದು ಸ್ಟಾಪ್ (ಬೆಳಕು ದುಪ್ಪಟ್ಟು ಅಥವಾ ಅರ್ಧ ಆಗುವಷ್ಟು) ವ್ಯತ್ಯಾಸ ಇದ್ದರೆ ಐಎಸ್ಒ ಡಯಲ್ ಬದಲಿಸಿ ಸರಿದೂಗಿಸಬಹುದು. ಮುಳ್ಳು ಕುಣಿಯುತ್ತಿದ್ದರೆ ನಂಬಬೇಡಿ.

ಹಂತ 4: ಅಗ್ಗದ ಬ್ಯಾಕಪ್ ಮೊದಲು ಮಾಡಿಕೊಳ್ಳಿ

ಒಂದು ಜೊತೆ ಹೊಸ ಸೆಲ್ ಸದಾ ಚೀಲದಲ್ಲಿರಲಿ. ಕ್ಯಾನನ್ ಎಇ-1 ಇರುವವರಿಗಂತೂ ಇದು ಪ್ರಾಣ. ಅದಕ್ಕೆ 6 ವೋಲ್ಟಿನ ಸೆಲ್ ಬೇಕು, ಸೆಲ್ ಸತ್ತರೆ ಷಟರ್ರೇ ಬೀಳುವುದಿಲ್ಲ. ಊರಿನ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಸೆಲ್ಲೂ ಅದಲ್ಲ. "ಕ್ಯಾಮೆರಾ ಕೆಟ್ಟಿದೆ" ಎಂದು ನನ್ನ ಹತ್ತಿರ ತಂದ ಎಷ್ಟೋ ಕ್ಯಾಮೆರಾಗಳಿಗೆ ಬೇಕಿದ್ದದ್ದು ಒಂದು ಸೆಲ್ ಅಷ್ಟೇ. ಸೆಲ್ ಕೂರುವ ಜಾಗದಲ್ಲಿ ಹಸಿರು, ಬಿಳಿ ಪುಡಿ ಕಟ್ಟಿದ್ದರೆ ಅದನ್ನೂ ಒರೆಸಿ.

ಪೆಂಟಾಕ್ಸ್ ಕೆ1000ದಲ್ಲಿ ಮೀಟರ್ ಆಫ್ ಮಾಡುವ ಸ್ವಿಚ್ ಇಲ್ಲ. ಲೆನ್ಸ್ ಮುಚ್ಚಳ ಹಾಕಿದರೆ ಮಾತ್ರ ಸೆಲ್ ಉಳಿಯುತ್ತದೆ. ಒಲಿಂಪಸ್ ಓಎಂ-1 ಮಾಡಿದ್ದು 1.35 ವೋಲ್ಟಿನ ಪಾದರಸದ ಸೆಲ್‌ಗೆ. ಈಗ ಸಿಗುವ 1.5 ವೋಲ್ಟಿನ ಸೆಲ್ ಹಾಕಿದರೆ ಮೀಟರ್ ತಪ್ಪು ಹೇಳುತ್ತದೆ.

ಬಿಸಿಲಿನ ಲೆಕ್ಕ ಬಾಯಿಪಾಠ ಮಾಡಿ: ಎಫ್/16 ಇಟ್ಟು, ಷಟರ್ ವೇಗ ಸೆಕೆಂಡಿನಲ್ಲಿ ಫಿಲ್ಮಿನ ಐಎಸ್ಒ ಎಷ್ಟೋ ಅಷ್ಟನೇ ಒಂದು ಭಾಗ (ಐಎಸ್ಒ 200 ಆದರೆ 1/250ರ ಹತ್ತಿರ). ತೆಳು ಮೋಡಕ್ಕೆ ಒಂದು ಸ್ಟಾಪ್, ದಟ್ಟ ಮೋಡಕ್ಕೆ ಮೂರು ಸ್ಟಾಪ್ ತೆರೆಯಿರಿ. ಸೆಲ್ ಇಲ್ಲದೆಯೂ ಷಟರ್ ಬೀಳುವ ಮೆಕ್ಯಾನಿಕಲ್ ಕ್ಯಾಮೆರಾದಲ್ಲಿ ಮೀಟರ್ ಸತ್ತರೂ ನೀವು ನಿಲ್ಲಬೇಕಿಲ್ಲ.

ಹಂತ 5: ಈಗ ಲೆಕ್ಕ ಹಾಕಿ, ತೀರ್ಮಾನಿಸಿ

ಮೂರು ಮೊತ್ತ ಬರೆಯಿರಿ: ಇರುವ ಕ್ಯಾಮೆರಾದ ಸರ್ವಿಸ್ ಖರ್ಚು, ಎರಡನೇ ಬಾಡಿಯ ಬೆಲೆ ಮತ್ತು ಅದರ ಸರ್ವಿಸ್ ಖರ್ಚು, ಒಂದು ರೀಲು ಕೊಂಡು ತೊಳೆಸಿ ಸ್ಕ್ಯಾನ್ ಮಾಡಿಸುವ ಖರ್ಚು. ಬಾಡಿಯ ಬೆಲೆಯ ಜೊತೆ ಸರ್ವಿಸ್ ಸೇರಿಸುವುದನ್ನು ಎಲ್ಲರೂ ಮರೆಯುತ್ತಾರೆ. ಉದಾಹರಣೆಗೆ ಬಾಡಿ ಮತ್ತು ಸರ್ವಿಸ್ ಸೇರಿ 15,000, ಒಂದು ರೀಲಿನ ಪೂರ್ತಿ ಖರ್ಚು 1,500 ಎಂದಿಟ್ಟುಕೊಳ್ಳಿ. ನೀವು ಬಿಟ್ಟುಕೊಡುತ್ತಿರುವುದು ಹತ್ತು ರೀಲು, ಅಂದರೆ 360 ಚಿತ್ರ. ವರ್ಷಕ್ಕೆ ಎಂಟು ರೀಲು ತೆಗೆಯುವವರಿಗೆ ಅದು ಒಂದು ವರ್ಷಕ್ಕಿಂತ ಜಾಸ್ತಿ ಫೋಟೋಗ್ರಫಿ.

ಇನ್ನೊಂದು ಅಳತೆ ದಿನಾಂಕ. ಮುಂದಿನ ಒಂದು ವರ್ಷದಲ್ಲಿ ಮತ್ತೆ ಸಿಗದ ದಿನಗಳು ಎಷ್ಟಿವೆ? ಲಾಲ್‌ಬಾಗಿನಲ್ಲಿ ತೆಗೆಯುವ ಮರ ಮುಂದಿನ ವಾರವೂ ಇರುತ್ತದೆ. ಬೆಂಗಳೂರು ಕರಗ ವರ್ಷಕ್ಕೊಮ್ಮೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ, ಕಳೆದದ್ದು 2018ರಲ್ಲಿ ಆಯಿತು. ತಂಗಿಯ ಮದುವೆ, ಅಜ್ಜಿಯ ಜೊತೆ ಹೋಗುವ ಪ್ರವಾಸ, ದುಡ್ಡು ಪಡೆದು ಒಪ್ಪಿಕೊಂಡ ಕೆಲಸ, ಇವೆಲ್ಲ ಈ ಪಟ್ಟಿಗೆ ಸೇರುತ್ತವೆ.

ನನ್ನ ತೀರ್ಮಾನ ಇದು. ಬೇರೆಯವರಿಗಾಗಿ ದುಡ್ಡಿಗೆ ಫಿಲ್ಮ್‌ನಲ್ಲಿ ತೆಗೆಯುವವರು ಎರಡನೆಯದು ಇಲ್ಲದೆ ಹೋಗಲೇಬಾರದು. ಮತ್ತೆ ಸಿಗದ ದಿನಗಳು ವರ್ಷಕ್ಕೆ ಮೂರ್ನಾಲ್ಕು ಇದ್ದು, ಇರುವ ಬಾಡಿಗೆ ಸರ್ವಿಸ್ ಆಗಿದ್ದರೆ, ಕೊಳ್ಳಿ. ಅಂಥ ದಿನ ಒಂದೇ ಇದ್ದರೆ ಗೆಳೆಯರಿಂದ ಎರವಲು ತನ್ನಿ, ಎರಡು ವಾರ ಮೊದಲೇ ತಂದು ಒಂದು ರೀಲು ಓಡಿಸಿ ನೋಡಿ. ಇರುವ ಬಾಡಿಗೆ ಸರ್ವಿಸ್ಸೇ ಆಗಿಲ್ಲದಿದ್ದರೆ ದುಡ್ಡನ್ನು ಮೊದಲು ಅದಕ್ಕೆ ಹಾಕಿ. ಸರ್ವಿಸ್ ಆಗದ ಎರಡಕ್ಕಿಂತ ಸರ್ವಿಸ್ ಆದ ಒಂದನ್ನು ನಾನು ಹೆಚ್ಚು ನಂಬುತ್ತೇನೆ.

ಹಂತ 6: ಕೊಳ್ಳುವುದೇ ಆದರೆ ಯಾವುದು?

ಮೊದಲ ನಿಯಮ, ಒಂದೇ ಮೌಂಟ್, ಅಂದರೆ ಬಾಡಿಯಲ್ಲಿ ಲೆನ್ಸ್ ಕೂರುವ ಬಾಯಿ ಒಂದೇ ಬಗೆಯದಾಗಿರಬೇಕು. ನಿಮ್ಮ ಲೆನ್ಸ್ ಎರಡನೇ ಬಾಡಿಗೆ ಕೂರದಿದ್ದರೆ ಅದು ಬ್ಯಾಕಪ್ ಅಲ್ಲ, ಇನ್ನೊಂದು ಸಂಸಾರ. ಹೆಸರು ಒಂದೇ ಇದ್ದರೆ ಸಾಲದು. ನಿಕಾನ್ ಎಫ್ಎಂ ಮತ್ತು ಎಫ್ಇಗಳಲ್ಲಿ ಮೀಟರಿನ ಪುಟ್ಟ ಕೊಕ್ಕೆಯನ್ನು ಮಡಚಬಹುದು, ಹಾಗಾಗಿ ಬಹಳ ಹಳೆಯ ಲೆನ್ಸ್‌ಗಳೂ ಕೂರುತ್ತವೆ. ಎಫ್ಎಂ2ರಲ್ಲಿ ಅದು ಮಡಚುವುದಿಲ್ಲ, ಒತ್ತಿ ಕೂರಿಸಿದರೆ ಮುರಿಯಬಹುದು. ನಿಕಾನ್ ಎಫ್80ಕ್ಕೆ ಮ್ಯಾನುಯಲ್ ಲೆನ್ಸ್ ಕೂರುತ್ತದೆ, ಆದರೆ ಮೀಟರ್ ಕೆಲಸ ಮಾಡುವುದಿಲ್ಲ. ಕ್ಯಾನನ್ ಎಫ್‌ಡಿ ಲೆನ್ಸ್ 1987ರ ನಂತರದ ಇಒಎಸ್ ಬಾಡಿಗಳಿಗೆ ಕೂರುವುದೇ ಇಲ್ಲ.

ಎರಡನೆಯದು, ಸೆಲ್ ಇಲ್ಲದೆಯೂ ಷಟರ್ ಬೀಳಬೇಕು. ಪೆಂಟಾಕ್ಸ್ ಕೆ1000, ನಿಕಾನ್ ಎಫ್ಎಂ ಮತ್ತು ಎಫ್ಎಂ2, ಯಾಶಿಕಾ ಎಫ್‌ಎಕ್ಸ್-3 ಸೂಪರ್ 2000 ಇವುಗಳಲ್ಲಿ ಸೆಲ್ ಬೇಕಿರುವುದು ಮೀಟರಿಗೆ ಮಾತ್ರ. ಅರ್ಧ ದಾರಿಯವೂ ಇವೆ: ನಿಕಾನ್ ಎಫ್ಇ ಸೆಲ್ ಇಲ್ಲದೆ 1/90ರಲ್ಲಿ, ಪೆಂಟಾಕ್ಸ್ ಎಂಇ ಸೂಪರ್ 1/125ರಲ್ಲಿ ಓಡುತ್ತವೆ. ಬಿಸಿಲಿದ್ದರೆ ಅದೂ ಸಾಕು.

ಆದಷ್ಟು ಅದೇ ಮಾಡೆಲ್ ಕೊಳ್ಳಿ ಎನ್ನುವುದು ನನ್ನ ಸಲಹೆ. ಗಡಿಬಿಡಿಯಲ್ಲಿ ಕೈ ತಾನಾಗಿ ಸರಿಯಾದ ಗುಂಡಿಗೆ ಹೋಗುತ್ತದೆ. ಮೊದಲನೆಯದು ಪೂರ್ತಿ ಎಲೆಕ್ಟ್ರಾನಿಕ್ ಆಗಿದ್ದರೆ ಮಾತ್ರ, ಅದೇ ಮೌಂಟಿನ ಮೆಕ್ಯಾನಿಕಲ್ ಹುಡುಕಿ. ಎರಡಕ್ಕೂ ಒಂದೇ ಕಾಯಿಲೆ ಇರಬಾರದು.

ಹಂತ 7: ಕೈಗೆ ಬಂದಾಗ ನೋಡುವುದು

3ನೇ ಹಂತದ ಪರೀಕ್ಷೆಗಳನ್ನೇ ಇಲ್ಲಿಯೂ ಮಾಡಿ. ಸೆಲ್, ಟಾರ್ಚ್, ಹಾಳು ರೀಲು ನೀವೇ ಒಯ್ಯಿರಿ. ಜೊತೆಗೆ ಕಿವಿಗೊಟ್ಟು ಕೇಳಿ. ಎಇ-1 ಒತ್ತಿದಾಗ ಉಬ್ಬಸದವರ ಉಸಿರಿನಂತೆ ಕೀಂಯ್ ಎಂದರೆ ಕನ್ನಡಿಯ ಹಲ್ಲುಚಕ್ರದಲ್ಲಿ ಎಣ್ಣೆ ಒಣಗಿದೆ. ಸರಿಯಾಗುತ್ತದೆ, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆಯಲು ಹೇಳಿ. ಮಿನೋಲ್ಟಾ ಎಕ್ಸ್-700 ಹೊಸ ಸೆಲ್ ಹಾಕಿದರೂ ಷಟರ್ ಬೀಳದಿದ್ದರೆ ಬಹುಶಃ ಕೆಪಾಸಿಟರ್ ಹೋಗಿದೆ. ಬ್ಯಾಕಪ್‌ಗೆ ಅಂಥದ್ದು ಬೇಡ.

ಲೆನ್ಸ್ ಜೊತೆಗೇ ಬರುತ್ತಿದ್ದರೆ ಹಿಂದಿನಿಂದ ಟಾರ್ಚ್ ಬಿಟ್ಟು ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಬೂಷ್ಟು ಹಿಡಿದಿದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ವರ್ಷಗಟ್ಟಲೆ ಚರ್ಮದ ಕೇಸಿನಲ್ಲಿ ಇದ್ದವುಗಳಲ್ಲಿ ಇದು ಬಹಳ ಸಾಮಾನ್ಯ. ಅದನ್ನು ನಿಮ್ಮ ಒಳ್ಳೆಯ ಲೆನ್ಸ್‌ಗಳ ಪಕ್ಕ ಇಡಬೇಡಿ.

ಮಾರುವವರ ಮಾತೂ ಒಂದು ಸೂಚನೆ. "ಸೆಲ್ ಇರ್ಲಿಲ್ಲ, ಚೆಕ್ ಮಾಡಿಲ್ಲ", "ತಾತಂದು, ಚೆನ್ನಾಗೇ ಇತ್ತು", "ಶೋಕೇಸಲ್ಲಿ ಇಟ್ಟಿದ್ವಿ" ಎಂದರೆ ಕೆಟ್ಟಿದೆ ಎಂದುಕೊಂಡೇ ಬೆಲೆ ಮಾತಾಡಿ. ತೆಗೆದ ಚಿತ್ರ ತೋರಿಸಿ ಎಂದಾಗ ಹಿಂಜರಿದರೆ ಎದ್ದು ಬನ್ನಿ. ಇನ್ನೊಂದು ಸಿಕ್ಕೇ ಸಿಗುತ್ತದೆ.

ಹಂತ 8: ಎರಡು ರೀಲಿನ ಪರೀಕ್ಷೆ

ಎರಡೂ ಬಾಡಿಗೆ ಒಂದೇ ಜಾತಿಯ ರೀಲು ಹಾಕಿ. ಮೊದಲ ಫ್ರೇಮಿಗೆ ಕಾಗದದ ಮೇಲೆ "ಒಂದು", "ಎರಡು" ಎಂದು ಬರೆದು ಅದರ ಚಿತ್ರ ತೆಗೆಯಿರಿ, ಇಲ್ಲದಿದ್ದರೆ ತೊಳೆಸಿದ ಮೇಲೆ ಯಾವುದು ಯಾವುದರದ್ದು ಅಂತ ಗೊತ್ತಾಗುವುದಿಲ್ಲ. ಒಂದೇ ಲೆನ್ಸ್ ಬದಲಾಯಿಸುತ್ತಾ ಒಂದೇ ದೃಶ್ಯವನ್ನು ಎರಡರಲ್ಲೂ ತೆಗೆಯಿರಿ. ಖಾಲಿ ಆಕಾಶವನ್ನು 1/1000ರಿಂದ 1/60ರವರೆಗೆ ಒಂದೊಂದು ವೇಗದಲ್ಲಿ, ಎಪರ್ಚರ್ ಸರಿದೂಗಿಸಿಕೊಂಡು ತೆಗೆಯಿರಿ. ಷಟರ್‌ನ ಏರುಪೇರು ಆಕಾಶದಲ್ಲಿ ಅಡಗಲು ಜಾಗವಿಲ್ಲ. ರೀಲು ಒಳಗಿರುವಾಗಲೇ ಕ್ಯಾಮೆರಾವನ್ನು ಹತ್ತು ನಿಮಿಷ ಬೆಳಕಿರುವ ಜಗುಲಿಯಲ್ಲಿ ಬಿಡಿ. ಬೆಳಕು ಸೋರುವಂತಿದ್ದರೆ ಆಗ ಸೋರುತ್ತದೆ. ದೂರದ ತಂತಿಕಂಬಕ್ಕೆ, ಹತ್ತಿರದ ದಿನಪತ್ರಿಕೆಗೆ ಲೆನ್ಸ್ ಪೂರ್ತಿ ತೆರೆದು ಫೋಕಸ್ ನೋಡಿ.

ನೆಗೆಟಿವ್ ಬಂದ ಮೇಲೆ 2ನೇ ಹಂತದ ಹಾಗೆಯೇ ಓದಿ. ಈ ಪರೀಕ್ಷೆ ಪಾಸಾಗುವವರೆಗೆ ಅದನ್ನು ಬ್ಯಾಕಪ್ ಎಂದು ಕರೆಯಬೇಡಿ.

ಹಂತ 9: ಬೀರುವಿನಲ್ಲಿ ಸಾಯದಂತೆ ನೋಡಿಕೊಳ್ಳಿ, ನಡುವೆ ಬದಲಾಯಿಸುವುದನ್ನು ಕಲಿಯಿರಿ

ಸುಮ್ನೆ ಇಟ್ಟ ಕ್ಯಾಮೆರಾದ ಗ್ರೀಸ್ ಅಂಟಾಗುತ್ತದೆ. ಒಂದು ರೀಲು ಇದರಲ್ಲಿ, ಮುಂದಿನದು ಅದರಲ್ಲಿ, ಹೀಗೆ ಸರದಿ ಇಡಿ. ರೀಲಿಲ್ಲದ ತಿಂಗಳಲ್ಲಿ ಎಲ್ಲ ವೇಗಗಳಲ್ಲೂ ಐದೈದು ಸಲ ಖಾಲಿ ಒತ್ತಿ. ಷಟರ್ ಎಳೆದಿಟ್ಟು ಎತ್ತಿಡಬೇಡಿ. ಒಂದು ತಿಂಗಳಿಗಿಂತ ಹೆಚ್ಚು ಮುಟ್ಟುವುದಿಲ್ಲ ಎಂದರೆ ಸೆಲ್ ತೆಗೆಯಿರಿ. ಮಳೆಗಾಲದಲ್ಲಿ ಚರ್ಮದ ಕೇಸು ಬೇಡ. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಚಿಕ್ಕ ತೇವಮಾಪಕ ಇಟ್ಟು ತೇವ ಶೇಕಡಾ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಿ. ಜೆಲ್‌ನ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿ.

ಕೊನೆಯದಾಗಿ, ರೀಲಿನ ನಡುವೆಯೇ ಕ್ಯಾಮೆರಾ ನಿಂತರೆ ಏನು ಮಾಡುವುದು? ಹಾಳು ರೀಲು ಹಾಕಿ ಮನೆಯಲ್ಲಿ ಅಭ್ಯಾಸ ಮಾಡಿ. ಮೊದಲು ಕೌಂಟರ್ ನೋಡಿ ಸಂಖ್ಯೆ ಬರೆದುಕೊಳ್ಳಿ, 14 ಎಂದಿಟ್ಟುಕೊಳ್ಳೋಣ. ಅಡಿಯ ಚಿಕ್ಕ ಗುಂಡಿ ಒತ್ತಿ ನಿಧಾನವಾಗಿ ರಿವೈಂಡ್ ಮಾಡಿ, ಕಿವಿ ಹತ್ತಿರ ಇಟ್ಟುಕೊಂಡು. ಫಿಲ್ಮ್ ಸ್ಪೂಲಿನಿಂದ ಬಿಟ್ಟುಕೊಂಡಾಗ ಟಕ್ ಎನ್ನುತ್ತದೆ, ಕೈಗೆ ಹಗುರ ಅನಿಸುತ್ತದೆ. ಅಲ್ಲೇ ನಿಲ್ಲಿಸಿದರೆ ತುದಿ ಹೊರಗೇ ಉಳಿಯುತ್ತದೆ. ಆ ರೀಲನ್ನು ಎರಡನೇ ಬಾಡಿಗೆ ಹಾಕಿ, ಲೆನ್ಸ್‌ಗೆ ಮುಚ್ಚಳ ಹಾಕಿ, ಅತಿ ಜೋರು ವೇಗ ಮತ್ತು ಅತಿ ಚಿಕ್ಕ ಎಪರ್ಚರ್ ಇಟ್ಟು, ಕೌಂಟರ್ 16 ತೋರಿಸುವವರೆಗೆ ಖಾಲಿ ಒತ್ತುತ್ತಾ ಹೋಗಿ. ಎರಡು ಫ್ರೇಮ್ ವ್ಯರ್ಥವಾಗುತ್ತವೆ, ಮೊದಲಿನ 14 ಉಳಿಯುತ್ತವೆ. ರಿವೈಂಡ್ ಕೂಡ ಸಿಕ್ಕಿಕೊಂಡರೆ ಬಲ ಹಾಕಬೇಡಿ, ಬಾಗಿಲೂ ತೆಗೆಯಬೇಡಿ. ಕ್ಯಾಮೆರಾವನ್ನು ಹಾಗೇ ಬಟ್ಟೆಯಲ್ಲಿ ಸುತ್ತಿ ಚೀಲಕ್ಕಿಟ್ಟು, ಎರಡನೆಯದಕ್ಕೆ ಹೊಸ ರೀಲು ಹಾಕಿಕೊಂಡು ಕೆಲಸ ಮುಂದುವರಿಸಿ. ಒಳಗಿನ ರೀಲನ್ನು ರಾತ್ರಿ ಪೂರ್ತಿ ಕತ್ತಲೆ ಕೋಣೆಯಲ್ಲಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ಫೋನ್ ಹೊರಗಿಟ್ಟು ತೆಗೆಯಬಹುದು.